ಹಳೇ ಮಾಳಿಗೆ, ಹೊಸ ದೀಪ

ಪ್ರಶ್ನೆ: ನಮ್ಮದು ಮಮದಾಪುರದಲ್ಲಿ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಹಳೇ ಮನೆ. ಈಗ ಅಡುಗೆಮನೆ ಹೊಸದು ಮಾಡಿಸುತ್ತಿದ್ದೇವೆ. ಗ್ರಾನೈಟ್ ಕಟ್ಟೆ ಆಗಿದೆ, ಗೋಡೆಗೆ ಟೈಲ್ಸ್ ಹಚ್ಚುವುದು ಬಾಕಿ. ಮೇಲೆ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರೊಳಗೆ ಕೂಡುವ ಎಂಟು ಕನ್ಸೀಲ್ಡ್ ಲೈಟು ಹಾಕಿಸಬೇಕೆಂದು ಮಗನ ಆಸೆ. ಹಳೇ ವೈರಿಂಗಿನಿಂದಲೇ ಲೈನ್ ಎಳೆದುಕೊಳ್ಳಬಹುದು ಎಂದು ಕೆಲಸದವರು ಹೇಳುತ್ತಾರೆ. ನಮ್ಮ ಅತ್ತೆಯವರು ಬೆಳಕಿಂಡಿ ಮಾತ್ರ ಮುಚ್ಚಬೇಡಿ ಎಂದು ಹಟ ಹಿಡಿದಿದ್ದಾರೆ. ಇನ್ನೊಂದು ಮಾತು: ಫ್ರಿಜ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಏನು ಮಾಡಬೇಕು?
– ಓದುಗರೊಬ್ಬರು, ಮಮದಾಪುರ

ಉತ್ತರ: ನೀವು ಕೊನೆಯಲ್ಲಿ ಬರೆದ ಮಾತೇ ಎಲ್ಲಕ್ಕಿಂತ ದೊಡ್ಡದು. ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದರೆ ಅದರ ತಗಡಿನ ಮೈಗೆ ಕರೆಂಟು ಸೋರುತ್ತಿದೆ. ಸೋರಿದ್ದು ನೆಲಕ್ಕೆ ಇಳಿಯಲು ಬೇರೆ ದಾರಿ ಇಲ್ಲದ್ದರಿಂದ ಮುಟ್ಟಿದವರ ಮೈಯೇ ದಾರಿಯಾಗುತ್ತಿದೆ. ಒಣಗಿದ ಕೈಕಾಲಿಗೆ ಬರೀ ಜುಮ್ ಅಂದದ್ದು, ಪಾತ್ರೆ ತೊಳೆದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಪ್ರಾಣವನ್ನೇ ತೆಗೆಯಬಹುದು. ದಯವಿಟ್ಟು ಇವತ್ತೇ ಮೇನ್ ಆಫ್ ಮಾಡಿ ಆ ಪ್ಲಗ್ ಕಿತ್ತಿಡಿ. ಬಲ್ಲವರು ಬಂದು ನೋಡುವವರೆಗೆ ಹಾಲು ಕೆಟ್ಟರೂ ಚಿಂತೆಯಿಲ್ಲ.

ಸಂಬಂಧ ಇದ್ದೇ ಇದೆ. ಫ್ರಿಜ್ಜಿಗೆ ಜುಮ್ ತರುವ ವೈರಿಂಗಿನಿಂದಲೇ ನಿಮ್ಮ ಹೊಸ ದೀಪಗಳಿಗೂ ಲೈನ್ ಎಳೆಯಲು ಹೊರಟಿದ್ದಾರೆ. ನನ್ನ ಉತ್ತರದ ಸಾರವನ್ನು ಈಗಲೇ ಹೇಳಿಬಿಡುತ್ತೇನೆ. ಹಳೇ ವೈರಿಂಗಿಗೆ ಒಂದೇ ಒಂದು ಹೊಸ ಪಾಯಿಂಟನ್ನೂ ಜೋಡಿಸಬೇಡಿ. ಅಡುಗೆಮನೆಗೆ ಮೀಟರಿನ ಕಡೆಯಿಂದಲೇ ಹೊಸ ಲೈನ್ ಬರಲಿ. ಮಣ್ಣಿನ ಮಾಳಿಗೆಯ ಕೆಳಗೆ ಪೂರ್ತಿ ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಅತ್ತೆಯವರ ಬೆಳಕಿಂಡಿ ಇದ್ದಲ್ಲೇ ಇರಲಿ. ಇಷ್ಟಾದರೂ ಮಗನ ಆಸೆ ಕೈಬಿಡಬೇಕಾಗಿಲ್ಲ. ಅವನು ಬಯಸಿದ ಬಗೆಯ ಬೆಳಕನ್ನು ಬೇರೆ ರೀತಿಯಲ್ಲಿ, ಇನ್ನೂ ಚೆನ್ನಾಗಿ ತರಬಹುದು.

ಬಬಲೇಶ್ವರ, ತಿಕೋಟಾ ಸುತ್ತಿನ ಹಳ್ಳಿಗಳಲ್ಲಿ ಇಂಥ ಮನೆಗಳಿಗೆ ಕರೆಂಟು ಬಂದದ್ದು ಸ್ವಲ್ಪ ಸ್ವಲ್ಪವಾಗಿ. ಎಷ್ಟೋ ಮನೆಗಳು ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬಿನಿಂದ ಶುರು ಮಾಡಿದವು. ಆಮೇಲೆ ಪಡಸಾಲೆಗೊಂದು ಫ್ಯಾನು, ಟೀವಿಗೊಂದು ಪ್ಲಗ್, ದೇವರ ಕೋಣೆಗೊಂದು ದೀಪ ಬಂದವು. ಪ್ರತಿ ಸಲವೂ ಇದ್ದ ವೈರಿನ ತುದಿಗೆ ಇನ್ನೊಂದು ತುಂಡು ಸುತ್ತಿ, ಮೇಲೆ ಟೇಪು ಸುತ್ತಿ ಮುಗಿಸಿದರು. ಗೋಡೆಯ ಮೇಲೆ ಕಟ್ಟಿಗೆಯ ಪಟ್ಟಿ, ಅದರ ಮೇಲೆ ಕ್ಲಿಪ್ಪು ಬಡಿದ ವೈರು, ಕಟ್ಟಿಗೆಯ ಬೋರ್ಡು, ಪಿಂಗಾಣಿಯ ಫ್ಯೂಜು. ಕೆಲವು ಕಡೆ ವೈರು ಅಲ್ಯುಮಿನಿಯಂ. ಅದಕ್ಕೆ ಹೊಸ ತಾಮ್ರದ ವೈರು ಸುತ್ತಿ ಕೂಡಿಸಿದರೆ ಆ ಗಂಟು ವರ್ಷಗಳು ಕಳೆದಂತೆ ಸಡಿಲಾಗುತ್ತದೆ, ಕಿಲುಬು ಹಿಡಿಯುತ್ತದೆ, ಕಾಯುತ್ತದೆ. ವೈರಿಂಗಿನಿಂದ ಬೆಂಕಿ ಹತ್ತಿದ ಮನೆಗಳಲ್ಲಿ ಬಹಳ ಸಲ ಬೆಂಕಿಯ ಮೂಲ ಇಂಥ ಒಂದು ಸಡಿಲು ಗಂಟೇ ಆಗಿರುತ್ತದೆ. ಹಳೇ ವೈರಿನ ಮೇಲಿನ ಹೊದಿಕೆಯಂತೂ ಒಲೆಯ ಹೊಗೆ, ಬೇಸಿಗೆಯ ಕಾವು ತಿಂದು ತಿಂದು ಬಗ್ಗಿಸಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ಇದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಕಿಲ್ಲ. ಮೆಗ್ಗರ್ ಎಂಬ ಸಾಧನದಿಂದ 500 ವೋಲ್ಟ್ ಹಾಯಿಸಿ ಅಳೆದರೆ ಗೊತ್ತಾಗುತ್ತದೆ. ಅಳತೆ 1 ಮೆಗಾ ಓಮ್‌ಗಿಂತ ಕೆಳಗಿದ್ದರೆ ಆ ವೈರಿಂಗಿನ ಆಯುಷ್ಯ ಮುಗಿದಿದೆ.

ಇನ್ನು ಹೊಸ ಅಡುಗೆಮನೆ ಎಷ್ಟು ಕರೆಂಟು ಎಳೆಯುತ್ತದೆ ನೋಡಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 2000 ವ್ಯಾಟಿನ ಇಂಡಕ್ಷನ್ ಒಲೆ 8.7 ಆಂಪಿಯರ್ ಎಳೆಯುತ್ತದೆ. ಚಹಾಕ್ಕೆ ನೀರು ಕಾಯಿಸುವ 1500 ವ್ಯಾಟಿನ ಕೆಟಲ್ 6.5 ಆಂಪಿಯರ್. 750 ವ್ಯಾಟಿನ ಮಿಕ್ಸರ್ ಮೂರು ಚಿಲ್ಲರೆ. ಬೆಳಗ್ಗೆ ಏಳಕ್ಕೆ ಶಾಲೆಯ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಮೂರೂ ಒಟ್ಟಿಗೆ ನಡೆಯುತ್ತವೆ. ಅಲ್ಲಿಗೇ ಹದಿನೆಂಟು ದಾಟಿತು, ಮೇಲೆ ಫ್ರಿಜ್ಜು ಬೇರೆ. ಒಂದು ಬಲ್ಬಿಗೆಂದು ಎಳೆದಿದ್ದ ವೈರು ಇಷ್ಟನ್ನು ಹೊರಲಾರದು. ಎಂಟು ಎಲ್‌ಇಡಿ ದೀಪ ಸೇರಿದರೂ ಅರ್ಧ ಆಂಪಿಯರ್ ಆಗುವುದಿಲ್ಲ. ಅಂದರೆ ಹಳೇ ವೈರಿಗೆ ಭಾರವಾಗುವುದು ನಿಮ್ಮ ಮಗ ಕೇಳುತ್ತಿರುವ ದೀಪವಲ್ಲ, ಕಟ್ಟೆಯ ಮೇಲೆ ಒಂದೊಂದಾಗಿ ಬಂದು ಕೂಡುವ ಯಂತ್ರಗಳು. ದೀಪದ ನೆವದಲ್ಲಿ ಈ ಲೆಕ್ಕ ತೆಗೆಯುವ ಅವಕಾಶ ನಿಮಗೆ ಸಿಕ್ಕಿದೆ. ಟೈಲ್ಸ್ ಹಚ್ಚಿದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಟೈಲ್ಸ್ ಕೆಲಸ ನಿಲ್ಲಿಸಿ, ಮೊದಲು ಲೈನುಗಳನ್ನು ಬೇರೆ ಬೇರೆ ಮಾಡಿಸಿ. ಮೀಟರಿನ ಹತ್ತಿರ ಲೈನುಗಳನ್ನು ಹಂಚುವ ಹೊಸ ಡಿಬಿ ಬಾಕ್ಸ್ ಕೂಡಿಸಿ, ಅಡುಗೆಮನೆಯ ದೀಪಗಳಿಗೆ 1.5 ಎಂಎಂ ತಾಮ್ರದ ವೈರಿನ ಒಂದು ಲೈನ್, ಅದಕ್ಕೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ 6 ಆಂಪಿಯರ್ ಎಂಸಿಬಿ. ಕಟ್ಟೆಯ ಮೇಲಿನ ಪ್ಲಗ್ಗುಗಳಿಗೆ 2.5 ಎಂಎಂ ವೈರು, 16 ಆಂಪಿಯರ್ ಎಂಸಿಬಿ. ಫ್ರಿಜ್ಜಿಗೆ ಬೇರೆ ಲೈನ್ ಇದ್ದರೆ ಒಳ್ಳೆಯದು, ಬೇರೆ ಯಾವುದೋ ಟ್ರಿಪ್ ಆದರೂ ಅದು ನಡೆಯುತ್ತಿರುತ್ತದೆ. ಇಂಡಕ್ಷನ್ ಅಥವಾ ಗೀಸರ್ ಬರುವುದಿದ್ದರೆ ಅದಕ್ಕೆ 4 ಎಂಎಂ ಪ್ರತ್ಯೇಕ. ವೈರಿನ ಮೇಲೆ ಐಎಸ್ಐ ಗುರುತು ಇರಲೇಬೇಕು. ಎಂಸಿಬಿ ಇರುವುದು ಯಂತ್ರವನ್ನು ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಪದೇ ಪದೇ ಬೀಳುತ್ತದೆಂದು 16ರ ಎಂಸಿಬಿ ತೆಗೆದು 32ರದ್ದು ಹಾಕಿದರೆ, ವೈರು ಕಾದು ಕರಗುವವರೆಗೂ ಅದು ಸುಮ್ಮನಿರುತ್ತದೆ. ಹಿಂದೆ ಫ್ಯೂಜು ಹೋದಾಗ ನಾಲ್ಕೆಳೆ ದಪ್ಪ ತಂತಿ ಸುತ್ತುತ್ತಿದ್ದರಲ್ಲ, ಇದೂ ಅದೇ ತಪ್ಪು.

ಕಲ್ಲುಗೋಡೆಯ ವಿಷಯದಲ್ಲಿ ನಿಮ್ಮ ಕೆಲಸದವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ. ನಮ್ಮ ಹಳೇ ಗೋಡೆಗಳು ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚಿಕ್ಕ ಕಲ್ಲು ತುಂಬಿ ಕಟ್ಟಿದವು. ಅಂಥ ಗೋಡೆಯಲ್ಲಿ ಕಟಿಂಗ್ ಮಷೀನು ಹಚ್ಚಿ ಪೈಪಿಗೆಂದು ಅಡ್ಡಡ್ಡ ಕೊರೆದರೆ ಒಳಸಾಲಿನ ಕಲ್ಲು ಅಲುಗುತ್ತದೆ, ಮೇಲೆ ತೊಲೆಯ ಭಾರ ಇರುತ್ತದೆ. ಪೈಪು ಮಾಳಿಗೆಯ ಕೆಳಗೆ, ಗೋಡೆಯ ಮೇಲ್ಗಡೆ ಹೊರಗೇ ಓಡಲಿ. ಅಲ್ಲಿಂದ ಪ್ರತಿ ಬೋರ್ಡಿಗೆ ನೇರ ಕೆಳಗೆ ಇಳಿಯಲಿ. ಓರೆಯಾಗಿ, ಹತ್ತಿರದ ದಾರಿಯೆಂದು ಎಲ್ಲೆಲ್ಲೋ ಎಳೆದರೆ ಮುಂದೆ ಮೊಳೆ ಹೊಡೆಯುವವನ ಕೈಗೆ ಅದು ಸಿಗುತ್ತದೆ. ಹೊರಗೆ ಕಾಣುವ ಪೈಪು ಚೆಂದ ಕಾಣುವುದಿಲ್ಲವೆಂದು ಅನ್ನಿಸಿದರೆ ಗೋಡೆಯದೇ ಬಣ್ಣ ಬಳಿಸಿ. ಕಲ್ಲುಗೋಡೆಯ ಮನೆಗೆ ಅದರಿಂದ ಯಾವ ಕೊರತೆಯೂ ಇಲ್ಲ. ಬೋರ್ಡುಗಳು ಕಟ್ಟೆಯಿಂದ ಒಂದು ಮೊಳ ಮೇಲಿರಲಿ, ಸಿಂಕಿನಿಂದಲೂ ಗ್ಯಾಸ್ ಒಲೆಯಿಂದಲೂ ದೂರವಿರಲಿ. ಸಿಲಿಂಡರ್ ಇಡುವ ಕಪಾಟಿನೊಳಗೆ ಅಥವಾ ಅದರ ಹತ್ತಿರ ಕೆಳಗೆ ಯಾವ ಪ್ಲಗ್ಗೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಗ್ಯಾಸಿನ ವಾಸನೆ ಬಂದಾಗ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಈ ಮಾತನ್ನು ಮನೆಯ ಚಿಕ್ಕ ಮಕ್ಕಳಿಗೂ ಕಲಿಸಿ.

ಈಗ ಅರ್ಥಿಂಗ್. ಜುಮ್ ಅನ್ನುವುದರ ಮೂಲ ಇಲ್ಲಿದೆ. ನಿಮ್ಮ ಫ್ರಿಜ್ಜಿನ ಪ್ಲಗ್ಗಿಗೆ ಮೂರು ಪಿನ್ನು ಇದೆ, ಗೋಡೆಯ ಸಾಕೆಟ್ಟಿಗೂ ಮೂರು ರಂಧ್ರ ಇದೆ. ಆದರೆ ಮೇಲಿನ ದೊಡ್ಡ ರಂಧ್ರದ ಹಿಂದೆ ವೈರೇ ಇರಲಿಕ್ಕಿಲ್ಲ. ಹಳೇ ಮನೆಗಳಲ್ಲಿ ಹತ್ತಕ್ಕೆ ಏಳೆಂಟು ಕಡೆ ಬೋರ್ಡು ಬಿಚ್ಚಿದರೆ ಕಾಣುವುದು ಅದೇ ಎಂದರೆ ಉತ್ಪ್ರೇಕ್ಷೆಯಲ್ಲ. ಇದ್ದರೂ ಅದನ್ನು ಬೋರ್‌ವೆಲ್ ಪೈಪಿಗೋ ಹಿತ್ತಲಲ್ಲಿ ಬಡಿದ ಸಣ್ಣ ಕಬ್ಬಿಣದ ಸರಳಿಗೋ ಕಟ್ಟಿರುತ್ತಾರೆ. ಈಗಿನ ಬೋರ್‌ವೆಲ್ ಪೈಪು ಪ್ಲಾಸ್ಟಿಕ್, ಅದಕ್ಕೆ ಕಟ್ಟಿದರೆ ಏನೂ ಇಲ್ಲದಂತೆಯೇ.

ವಿಜಯಪುರ ಜಿಲ್ಲೆಯ ಎರೆಮಣ್ಣು ಅರ್ಥಿಂಗಿಗೆ ವಿಚಿತ್ರವಾದ ನೆಲ. ಹಸಿಯಿದ್ದಾಗ ಇದರಷ್ಟು ಒಳ್ಳೆಯದಿಲ್ಲ, ಕರೆಂಟನ್ನು ಸಲೀಸಾಗಿ ಒಯ್ಯುತ್ತದೆ. ಆದಿಲ್ ಶಾಹಿ ಕಾಲದ ನಿಮ್ಮೂರಿನ ಕೆರೆಯ ಕೆಳಗಿನ ಹೊಲಗಳಲ್ಲಿ ವರ್ಷದ ಬಹುಕಾಲ ಹಾಗೆ ಇರಬಹುದು. ಆದರೆ ಏಪ್ರಿಲ್, ಮೇ ಬಂದರೆ ಎರೆ ಒಣಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಣ್ಣು ಕುಗ್ಗಿ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಅಳೆದಾಗ ಚೆನ್ನಾಗಿದ್ದ ಅರ್ಥಿಂಗ್ ಬೇಸಿಗೆಯಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ಊರಿನ ಎತ್ತರದ ಕಡೆ ಮನೆಯಿದ್ದರೆ ಸ್ವಲ್ಪ ಅಗೆದರೆ ಗರಸು, ಅದರ ಕೆಳಗೆ ಕರಿಕಲ್ಲು ಸಿಗುತ್ತದೆ, ಆಳಕ್ಕೆ ಇಳಿಸುವುದೇ ಕಷ್ಟ. ಭಾರತೀಯ ಮಾನಕ ಹೇಳುವ ಪದ್ಧತಿ ಎಂದರೆ ಗೋಡೆಯಿಂದ ಒಂದೂವರೆ ಮೀಟರಾದರೂ ದೂರದಲ್ಲಿ ಗುಂಡಿ ತೆಗೆದು, 40 ಮಿಲಿಮೀಟರ್ ದಪ್ಪದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬುವುದು. ಮೇಲೆ ನೀರು ಹಾಕಲು ಕೊಳವೆಯ ಬಾಯಿ ಬಿಡಬೇಕು. ಬಚ್ಚಲ ನೀರು ಹಾಯುವ ಕಡೆ ಈ ಗುಂಡಿ ಬಂದರೆ ವರ್ಷವಿಡೀ ತೇವ ಸಿಗುತ್ತದೆ. ಇಲ್ಲದಿದ್ದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದನ್ನು ಮನೆಯಲ್ಲಿ ಯಾರಾದರೊಬ್ಬರು ರೂಢಿ ಮಾಡಿಕೊಳ್ಳಬೇಕು.

ಆದರೆ ಅರ್ಥಿಂಗ್ ಒಂದನ್ನೇ ನಂಬಿ ಕೂಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕಾರಣ ಲೆಕ್ಕದಲ್ಲಿಯೇ ಇದೆ. ಬೇಸಿಗೆಯಲ್ಲಿ ನಿಮ್ಮ ಅರ್ಥ್ ಗುಂಡಿಯ ಪ್ರತಿರೋಧ 20 ಓಮ್ ಆಯಿತು, ಊರ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಕಡೆ ಒಂದು 5 ಓಮ್ ಇದೆ ಎಂದುಕೊಳ್ಳಿ. ಫ್ರಿಜ್ಜಿನ ಒಳಗೆ ಫೇಸ್ ವೈರು ಕಳಚಿ ತಗಡಿಗೆ ತಾಗಿತು. ಹರಿಯುವ ಕರೆಂಟು 230ನ್ನು 25ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 9 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಎಂದಿನ ಬಳಕೆಯಂತೆಯೇ ಕಾಣುತ್ತದೆ, ಬೀಳುವುದಿಲ್ಲ. ಇತ್ತ ಫ್ರಿಜ್ಜಿನ ಮೈಯಲ್ಲಿ 180 ವೋಲ್ಟಿನಷ್ಟು ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ ಮುಟ್ಟಿದವರು ಬದುಕುವ ಭರವಸೆ ಇಲ್ಲ. ಹಳ್ಳಿಗಳಲ್ಲಿ ಎಲ್ಲ ಸರಿಯಿದ್ದ ಮನೆಯಲ್ಲೂ ಕರೆಂಟು ಹೊಡೆದು ಹೆಣ್ಣುಮಕ್ಕಳು ತೀರಿಕೊಂಡರು ಎಂದು ಕೇಳಿದಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಇದಕ್ಕೆ ಇರುವ ಸಾಧನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೇ ನ್ಯೂಟ್ರಲ್ಲಿನಲ್ಲಿ ತಿರುಗಿ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುತ್ತದೆ. ಮೇಲಿನ ಉದಾಹರಣೆಯ 9 ಆಂಪಿಯರ್ ಎಲ್ಲಿ, ಈ 30 ಮಿಲಿ ಎಲ್ಲಿ! ಅರ್ಥಿಂಗ್ ಬೇಸಿಗೆಯಲ್ಲಿ ಕೆಟ್ಟು ನೂರಾರು ಓಮ್‌ಗೆ ಏರಿದರೂ ಆರ್‌ಸಿಸಿಬಿ ತನ್ನ ಕೆಲಸ ಬಿಡುವುದಿಲ್ಲ. ಕೊಳ್ಳುವಾಗ 30 ಮಿಲಿಯದ್ದೇ ಕೇಳಿ, ಅಂಗಡಿಯಲ್ಲಿ 100, 300 ಮಿಲಿಯವೂ ಇರುತ್ತವೆ, ಅವು ಬೆಂಕಿಯಿಂದ ಕಾಯಲು, ಜೀವ ಕಾಯಲು ಅಲ್ಲ. ಹಾಕಿದ ಮೊದಲ ದಿನಗಳಲ್ಲಿ ಅದು ಮತ್ತೆ ಮತ್ತೆ ಬಿದ್ದರೆ ಸಿಟ್ಟಾಗಬೇಡಿ, ತೆಗೆದು ಹಾಕಬೇಡಿ. ನಿಮ್ಮ ಫ್ರಿಜ್ಜಿನ ಸೋರಿಕೆಯನ್ನೇ ಅದು ಹಿಡಿದು ತೋರಿಸುತ್ತಿರುತ್ತದೆ. ಫ್ರಿಜ್ಜು ರಿಪೇರಿ ಮಾಡಿಸಿ.

ಇಷ್ಟಾದ ಮೇಲೆ ತಲೆಯೆತ್ತಿ ಮಾಳಿಗೆ ನೋಡೋಣ.

ಸೀಲಿಂಗಿನೊಳಗೆ ಹುದುಗಿಸಿದ ದೀಪ ಚೆಂದವೇ. ತಲೆಯ ಮೇಲೆ ಏನೂ ಜೋತಾಡುವುದಿಲ್ಲ, ಜೇಡ ಬಲೆ ಕಟ್ಟುವುದಿಲ್ಲ, ಬೆಳಕು ನೇರ ಕೆಳಗೆ ಬೀಳುತ್ತದೆ. ಅಮೆರಿಕದಂಥ ದೇಶಗಳಲ್ಲಿ ಈ ಪದ್ಧತಿ ಹಳೆಯದು. ಅಲ್ಲಿ ಕಟ್ಟಿಗೆಯ ಅಟ್ಟದಲ್ಲಿ ಚಳಿ ತಡೆಯಲು ಉಣ್ಣೆಯಂಥ ವಸ್ತು ತುಂಬಿರುತ್ತಾರೆ. ಹಳೇ ಕಾಲದ ಕಾಯುವ ಬಲ್ಬುಗಳಿಂದ ಅದಕ್ಕೆ ಬೆಂಕಿ ಹತ್ತುವ ಅಪಾಯವಿದ್ದುದರಿಂದ, ಉಣ್ಣೆಗೆ ತಾಗಿದರೂ ಸುರಕ್ಷಿತವಾದ ದೀಪಗಳಿಗೆ ಬೇರೆ ಗುರುತನ್ನೇ ಅಲ್ಲಿ ಕಡ್ಡಾಯ ಮಾಡಿದರು. ಎಲ್‌ಇಡಿ ಬಂದ ಮೇಲೆ ಕಾವು ಕಡಿಮೆಯಾಯಿತು ನಿಜ, ಆದರೆ ಇಲ್ಲವಾಗಲಿಲ್ಲ. ದೀಪದ ಹಿಂದೆ ಡ್ರೈವರ್ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ಮುಚ್ಚಿದ ಸೀಲಿಂಗಿನ ಒಳಗೆ, ಕೆಳಗಿನ ಒಲೆಯ ಕಾವೂ ಸೇರಿ ಅದು ಕುದಿಯುತ್ತದೆ. ಅದರೊಳಗಿನ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲೆ ಬರೆದ ಇಪ್ಪತ್ತೈದು ಸಾವಿರ ತಾಸು ನಮ್ಮ ಕಡೆ ಸುಲಭಕ್ಕೆ ಸಿಗದಿರುವುದು ಇದಕ್ಕೇ.

ಡ್ರೈವರ್ ಸುಟ್ಟರೆ ಬದಲಿಸಬಹುದು. ನನ್ನ ನಿಜವಾದ ಆತಂಕ ಮಾಳಿಗೆಯದು. ಜಂತಿಗೆ ಗೆದ್ದಲು ಹತ್ತಿದೆಯೇ, ತೊಲೆ ಬಾಗಿದೆಯೇ, ಮಳೆಗೆ ಎಲ್ಲಿ ತೊಟ್ಟಿಕ್ಕುತ್ತಿದೆ ಎಂದು ನಿಮ್ಮ ಅತ್ತೆಯವರು ಪ್ರತಿ ಮಳೆಗಾಲ ತಲೆಯೆತ್ತಿ ನೋಡಿಯೇ ಮನೆಯನ್ನು ಇಷ್ಟು ದಿನ ಉಳಿಸಿದ್ದಾರೆ. ಕೆಳಗೆ ಜಿಪ್ಸಂ ಹಲಗೆ ಬಡಿದರೆ ಆ ಕಣ್ಣು ಕಟ್ಟಿಹೋಗುತ್ತದೆ. ಒಂದು ಮೂಲೆಯಲ್ಲಿ ಸೋರಿದ ನೀರು ಹಲಗೆಯ ಮೇಲೆ ಹರಿದು, ದೀಪಕ್ಕೆಂದು ಕೊರೆದ ರಂಧ್ರದ ಕಡೆಗೇ ಬರುತ್ತದೆ. ನೀರೂ ಕರೆಂಟೂ ಒಂದೇ ರಂಧ್ರದಲ್ಲಿ! ಮೇಲಿನಿಂದ ಸದಾ ಉದುರುವ ಸಣ್ಣ ಮಣ್ಣು ಹಲಗೆಯ ಮೇಲೆ ಕೂಡುತ್ತಾ ಹೋಗುತ್ತದೆ. ಜೋರು ಮಳೆಯ ವರ್ಷಗಳಲ್ಲಿ ಮಣ್ಣಿನ ಮಾಳಿಗೆ ಕುಸಿದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಬಂದೇ ಬರುತ್ತದೆ. ಮುನ್ಸೂಚನೆ ಕಾಣುವ ಮನೆಯವರು ಹೊರಗೆ ಓಡುತ್ತಾರೆ. ಸೀಲಿಂಗ್ ಮುಚ್ಚಿದ ಮನೆಯವರಿಗೆ ಆ ಸೂಚನೆಯೂ ಸಿಗುವುದಿಲ್ಲ.

ಇಲಿಗಳನ್ನು ಮರೆಯಲಾಗದು. ಜೋಳ, ಕಡಲೆ, ಗೋಧಿ ಚೀಲಗಳಿರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಮುಚ್ಚಿದ ಸೀಲಿಂಗ್ ಅವಕ್ಕೆ ಬೆಕ್ಕು ಹತ್ತಲಾಗದ ಅಟ್ಟ. ಹಲ್ಲು ಸವೆಸಿಕೊಳ್ಳಲು ಅವು ವೈರು ಕಡಿಯುತ್ತವೆ. ಫಾಲ್ಸ್ ಸೀಲಿಂಗ್ ಕೆಲಸದಲ್ಲಿ ಸಾಮಾನ್ಯವಾಗಿ ದೀಪದಿಂದ ದೀಪಕ್ಕೆ ವೈರನ್ನು ಪೈಪಿಲ್ಲದೆ ಹಾಗೇ ಹಲಗೆಯ ಮೇಲೆ ಚೆಲ್ಲಿ ಬಿಟ್ಟಿರುತ್ತಾರೆ. ಕೆಳಗಿನಿಂದ ನೋಡಿದರೆ ಎಲ್ಲ ನುಣುಪಾಗಿರುತ್ತದೆ, ಮೇಲೆ ಹೊದಿಕೆ ಕಡಿದ ತಂತಿ ಜಂತಿಯ ಒಣ ಕಟ್ಟಿಗೆಗೆ ತಾಗಿಕೊಂಡಿರುತ್ತದೆ.

ಹಾಗಾದರೆ ಏನು ಮಾಡಬಹುದು? ನಿಮ್ಮ ಮಾಳಿಗೆಯನ್ನೇ ಒಮ್ಮೆ ಸರಿಯಾಗಿ ನೋಡಿ. ಎರಡು ಜಂತಿಗಳ ನಡುವೆ ಒಂದು ಒಳಸಂದು ಇದೆಯಲ್ಲ, ಹುದುಗಿದ ದೀಪಕ್ಕೆ ಬೇಕಾದ ಜಾಗ ಅದೇ. ಜಂತಿಯಿಂದ ಜಂತಿಗೆ ಒಂದು ಅಡ್ಡಪಟ್ಟಿ ಕೂಡಿಸಿ, ಅದಕ್ಕೆ ಸರ್ಫೇಸ್ ಲೈಟ್ ಎಂದು ಸಿಗುವ ಚಿಕ್ಕ ಗುಂಡು ದೀಪ ಬಿಗಿಸಿದರೆ, ದೀಪ ಸಂದಿನೊಳಗೆ ಮರೆಯಾಗಿ ಕೂಡುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ, ಕೆಳಗೆ ಬೆಳಕು ಮಾತ್ರ ಬರುತ್ತದೆ. ಪೈಪು ಜಂತಿಯ ಪಕ್ಕದಲ್ಲೇ ಓಡುತ್ತದೆ, ಗಾಳಿಯಾಡುತ್ತದೆ, ಕೆಟ್ಟರೆ ಏಣಿ ಹಾಕಿ ಬಿಚ್ಚಬಹುದು. ಜಂತಿಗೆ ಎಣ್ಣೆ ಹಚ್ಚಿಸಿ ಶುಚಿ ಮಾಡಿದರೆ ಅದರ ಚೆಲುವಿನ ಮುಂದೆ ಯಾವ ಪಿಓಪಿಯೂ ನಿಲ್ಲಲಾರದು, ಇದನ್ನು ಮಗನಿಗೆ ನನ್ನ ಮಾತೆಂದು ಹೇಳಿ. ಬೇಕೇ ಬೇಕೆಂದರೆ ಕಟ್ಟೆಯ ಉದ್ದಕ್ಕೂ, ಒಂದೂವರೆ ಅಡಿ ಅಗಲದ ತೂಗು ಪೆಟ್ಟಿಗೆ ಮಾತ್ರ ಮಾಡಿಸಿ ಅದರಲ್ಲಿ ದೀಪ ಹುದುಗಿಸಿ, ಸ್ಕ್ರೂ ಬಿಚ್ಚಿದರೆ ಕೆಳಗಿಳಿಯುವಂತಿರಲಿ. ಆರ್‌ಸಿಸಿ ಸ್ಲ್ಯಾಬಿನ ಅಡುಗೆಮನೆ ಇರುವ ಓದುಗರಿಗೆ ಈ ಅಡ್ಡಿಗಳು ಕಡಿಮೆ. ಅವರು ಫಾಲ್ಸ್ ಸೀಲಿಂಗ್ ಮಾಡಿಸಬಹುದು, ವೈರೆಲ್ಲ ಪೈಪಿನಲ್ಲಿರಲಿ, ಒಂದು ಕಡೆ ಕೈ ಹೋಗುವ ಬಾಗಿಲಿರಲಿ, ಅಷ್ಟು ಸಾಕು.

ಎಂಟು ದೀಪ ಬೇಕೇ ಎಂಬುದೂ ಪ್ರಶ್ನೆ. ಅಡುಗೆಮನೆಯಲ್ಲಿ ಬೆಳಕು ಬೇಕಾದದ್ದು ಕೋಣೆಯ ನಡುವೆ ಅಲ್ಲ, ಕೈ ಕೆಲಸ ಮಾಡುವಲ್ಲಿ. ನಡುವಿನ ದೀಪ ಕಟ್ಟೆಯ ಮುಂದೆ ನಿಂತವರ ಬೆನ್ನಿಗೆ ಬೀಳುತ್ತದೆ, ಅವರ ನೆರಳು ಸರಿಯಾಗಿ ಈಳಿಗೆಯ ಮೇಲೆ ಕೂಡುತ್ತದೆ. ಷೋರೂಮಿನ ಚಿತ್ರ ನೋಡಿ ಸಾಲುಸಾಲಾಗಿ ದೀಪ ಕೂಡಿಸಿದ ಎಷ್ಟೋ ಅಡುಗೆಮನೆಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ತಮ್ಮ ನೆರಳಲ್ಲೇ ಬದನೆಕಾಯಿ ಹೆಚ್ಚುತ್ತಾರೆ. ದೀಪ ಗೋಡೆಯಿಂದ ಒಂದೂವರೆ ಅಡಿಯಿಂದ ಇಪ್ಪತ್ತು ಇಂಚಿನಲ್ಲಿ, ಅಂದರೆ ಕಟ್ಟೆಯ ಮುಂದಿನ ಅಂಚಿಗಿಂತ ತುಸು ಒಳಗೆ ಬರಲಿ. ಎಂಟಡಿ ಕಟ್ಟೆಗೆ 6 ವ್ಯಾಟಿನ ಮೂರು ದೀಪ, ಮೂರಡಿಗೊಂದರಂತೆ ಧಾರಾಳ ಸಾಕು. ಮೇಲೆ ಕಪಾಟು ಬಂದರೆ ಅದರ ತಳಕ್ಕೆ ಎಲ್‌ಇಡಿ ಪಟ್ಟಿ ಹಚ್ಚಿಸಿ. ರೊಟ್ಟಿ ಬಡಿಯುವ ಜಾಗಕ್ಕೆ ಪ್ರತ್ಯೇಕ ಒಂದು ದೀಪ, ಪ್ರತ್ಯೇಕ ಸ್ವಿಚ್ ಇರಲಿ. ಕೂತು ಬಡಿಯುವವರ ಎದುರಿನಿಂದ ಅಥವಾ ಎಡಗಡೆಯಿಂದ ಬೆಳಕು ಬರಬೇಕು. ಹಿಟ್ಟು ಎಲ್ಲಿ ದಪ್ಪ ಉಳಿಯಿತು, ಅಂಚು ಎಲ್ಲಿ ಸೀಳಿತು ಎಂದು ಕಾಣುವುದು ಆಗಲೇ. ಕಟ್ಟಿಗೆಯ ಒಲೆ ಉಳಿಸಿಕೊಂಡಿದ್ದರೆ ಅದರ ನೇರ ಮೇಲೆ ದೀಪವೂ ಬೇಡ, ವೈರೂ ಬೇಡ. ಸಾಮಾನ್ಯ ಪಿವಿಸಿ ವೈರು 70 ಡಿಗ್ರಿಯವರೆಗಿನ ಕಾವಿಗೆ ಮಾಡಿದ್ದು.

ದೀಪ ಕೊಳ್ಳುವಾಗ ವ್ಯಾಟ್ ನೋಡಿ ಮುಗಿಸಬೇಡಿ. 4000 ಕೆಲ್ವಿನ್ನಿನ ಬೆಳಕು ಅಡುಗೆಗೆ ಹದ. 6500ರದ್ದು ನೀಲಿ ಹೊಡೆಯುತ್ತದೆ, 2700ರ ಹಳದಿಯಲ್ಲಿ ರೊಟ್ಟಿ ಕಂದಿದ್ದು ತಿಳಿಯುವುದಿಲ್ಲ. ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆಯಾದ ಸಿಆರ್‌ಐ 90 ಇದ್ದರೆ ಖಾರದ ಪುಡಿಯ ಕೆಂಪು, ಸೊಪ್ಪಿನ ಹಸಿರು ಇದ್ದಂತೆ ಕಾಣುತ್ತವೆ. ಡ್ರೈವರಿನ ಮೇಲೆ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ನಡೆಯುತ್ತದೆ ಎಂದು ಬರೆದಿರುತ್ತದೆ, 100ರಿಂದ 300 ಎಂದಿದ್ದರೆ ಹಳ್ಳಿಯ ಏರಿಳಿತವನ್ನು ತಡೆಯುತ್ತದೆ. ಗಾಳಿಮಳೆಯಲ್ಲಿ ಕಂಬದ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನವರೆಗೂ ನುಗ್ಗಬಹುದು. ಡಿಬಿಯಲ್ಲಿ ಅತಿ ವೋಲ್ಟೇಜಿಗೆ ಕಡಿಯುವ ಒಂದು ಸಾಧನ ಇರುವುದು ಒಳ್ಳೆಯದು.

ಅತ್ತೆಯವರ ಬೆಳಕಿಂಡಿಯ ಲೆಕ್ಕವನ್ನೂ ಮಾಡಿ ನೋಡಿದೆ. ವಿಜಯಪುರದ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಒಂದು ಚದರಡಿ ಕಿಂಡಿಯಿಂದ ಒಳಗೆ ಬರುವುದು 9000 ಲ್ಯುಮೆನ್. 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುವುದು ಸುಮಾರು 900. ಅಂದರೆ ಆ ಒಂದಡಿ ಕಿಂಡಿ ಮಟಮಟ ಮಧ್ಯಾಹ್ನ ಹತ್ತು ಬಲ್ಬಿನ ಬೆಳಕು ಕೊಡುತ್ತದೆ, ಗಾಜಿನ ಧೂಳಿಗೆ ಅರ್ಧ ಕಳೆದರೂ ಐದು ಬಲ್ಬು. ಹೊಗೆಯೂ ಅಲ್ಲಿಂದಲೇ ಹೋಗುತ್ತದೆ. ಸುತ್ತ ಅರ್ಧ ಅಡಿ ಎತ್ತರದ ಕಟ್ಟು ಕಟ್ಟಿಸಿ, ಮೇಲೆ ದಪ್ಪ ಗಾಜು, ಪಕ್ಕಕ್ಕೆ ಜಾಲರಿ ಹಾಕಿಸಿದರೆ ಮಳೆಯ ತೊಂದರೆಯೂ ಇಲ್ಲ. ಅವರು ಹಟ ಹಿಡಿದದ್ದು ಸರಿಯಾದ ವಿಷಯಕ್ಕೇ.

ಬಿಲ್ಲಿನ ಬಗ್ಗೆ ಎರಡು ಮಾತು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಾಲ್ಕು ದೀಪ ದಿನಾ ಐದು ತಾಸು ಉರಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ. ಇಂಡಕ್ಷನ್ ದಿನಕ್ಕೆ ಒಂದು ತಾಸು ಪೂರ್ತಿ ಉರಿದರೆ 60 ಯೂನಿಟ್. ಹೊಸ ಯಂತ್ರಗಳಿಂದ ಲೋಡು ಏರುವುದಿದ್ದರೆ ಹೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಮಂಜೂರಾತಿ ಹೆಚ್ಚಿಸಿಕೊಳ್ಳಿ. ಕಂಬದಿಂದ ಮೀಟರಿನವರೆಗಿನ ಸರ್ವಿಸ್ ವೈರಿನಲ್ಲಿ ಕಿಡಿ, ಸಡಿಲು ಕಂಡರೆ ಮನೆಯವರು ಏಣಿ ಹತ್ತಬೇಡಿ, 1912ಕ್ಕೆ ಕರೆ ಮಾಡಿ.

ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ, ಕಾನೂನು ಹೇಳುವುದೂ ಅದನ್ನೇ. ಟೈಲ್ಸ್ ಮುಚ್ಚುವ ಮೊದಲು ಪ್ರತಿ ಗೋಡೆಯ ಪೈಪಿನ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕೊನೆಯ ಕಂತಿನ ಹಣ ಕೊಡುವ ದಿನ ಮೆಗ್ಗರ್ ಮತ್ತು ಅರ್ಥ್ ಅಳತೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನಿಮ್ಮ ಕಣ್ಣೆದುರೇ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿಸಿ. ಅಡುಗೆಮನೆಯ ದೀಪವೆಲ್ಲ ತಟ್ಟನೆ ಆರಿದರೆ ಹಣ ಎಣಿಸಿ ಕೊಡಿ, ಆರದಿದ್ದರೆ ಕೊಡಬೇಡಿ. ಆಮೇಲೆ ತಿಂಗಳಿಗೊಮ್ಮೆ ಆ ಗುಂಡಿಯನ್ನು ನೀವೇ ಒತ್ತಿ ನೋಡುತ್ತಿರಿ.